ಮಾವಿನ ವೈನಿನ ಗಸಿ

ಸೇಬಿನ ರಸದಿಂದ ಮಾಡುವ ಸೈಡರ್‌ಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಜೋಡಿ ಹುಡುಕಿದರೆ ಸಿಗುವುದು ಮಾವಿನ ವೈನು. ಬಾದಾಮಿ, ರಸಪುರಿ, ಬೇನಿಷಾ, ನೀಲಂ ಎಲ್ಲ ಬೆಳೆಯುವ ತಾಲ್ಲೂಕಿದು. ಆದರೆ ಮಾರಾಟದ ಚಿಂತೆ ಹೆಚ್ಚಾಗಿ ತೋತಾಪುರಿಯದು. ಅದು ಪಕ್ಕದ ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳನ್ನು ನಂಬಿಕೊಂಡ ಹಣ್ಣು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ, ಹಣ್ಣಿನಿಂದ ಬೇರೇನು ಮಾಡಬಹುದೆಂಬ ಪ್ರಶ್ನೆ ಮತ್ತೆ ಎದ್ದಿತು. ವೈನು ಅದಕ್ಕೊಂದು ಉತ್ತರ. ಅದರ ದೊಡ್ಡ ತೊಡಕು ಗಸಿ.

ಕಾನೂನಿನ ಮಾತು

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಕೊಡಗಿನಲ್ಲಿ ಮನೆ ವೈನಿನ ರೂಢಿ ಎಷ್ಟೇ ಹಳೆಯದಿರಲಿ, ಕೈಹಾಕುವ ಮುನ್ನ ಅಬಕಾರಿ ಇಲಾಖೆಯಲ್ಲಿ ವಿಚಾರಿಸಬೇಕು.

ಎರಡು ಬಗೆಯ ಮಡ್ಡಿ

ಸೇಬನ್ನು ಹಿಂಡಿದರೆ ರಸ ಬರುತ್ತದೆ, ಮಾವನ್ನು ಹಿಂಡಿದರೆ ಬರುವುದು ತಿರುಳು. ವ್ಯತ್ಯಾಸವೆಲ್ಲ ಇಲ್ಲಿಂದಲೇ ಶುರು. ನೀರು ಬೆರೆಸಿ ಯೀಸ್ಟ್ ಹಾಕಿದ ತಿರುಳು ಮೊದಲು ತಳಕ್ಕೆ ಇಳಿಯುವುದಿಲ್ಲ. ಒಳಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ನಾರನ್ನೆಲ್ಲ ಮೇಲಕ್ಕೆತ್ತಿ, ಹಳದಿ ಟೊಪ್ಪಿಗೆಯಂತೆ ತೇಲಿಸುತ್ತದೆ. ದಿನಕ್ಕೆರಡು ಬಾರಿ ಅದನ್ನು ಒಳಗೆ ಅದುಮದಿದ್ದರೆ ಮೇಲ್ಭಾಗ ಒಣಗಿ ಬೂಷ್ಟು ಹಿಡಿಯುತ್ತದೆ. ಗುಳ್ಳೆ ಕಡಿಮೆಯಾದಂತೆ ನಾರು, ಸತ್ತ ಯೀಸ್ಟ್ ಎಲ್ಲ ತಳ ಸೇರುತ್ತವೆ. ಇದು ಗಸಿ; ತಾನಾಗಿ ಕೂರುತ್ತದೆ, ಕಾಯಬೇಕಷ್ಟೆ.

ಇನ್ನೊಂದು ಮಡ್ಡಿ ತಿಂಗಳುಗಟ್ಟಲೆ ಕಾದರೂ ಕೂರದು. ಅದಕ್ಕೆ ಕಾರಣ ಪೆಕ್ಟಿನ್, ಅಂದರೆ ಜಾಮ್ ಗಟ್ಟಿಯಾಗುವಂತೆ ಮಾಡುವ ಅಂಟು ಪದಾರ್ಥ. ತಿರುಳನ್ನು ಕುದಿಸಿದರೆ ಅದು ಇನ್ನಷ್ಟು ಬಿಟ್ಟುಕೊಳ್ಳುತ್ತದೆ. ಶುಚಿಯ ಹೆಸರಿನಲ್ಲಿ ಕುದಿಸಿದವರ ವೈನು ಮಬ್ಬಾಗುವುದು ಹೀಗೆ. ಮದ್ದು ಪೆಕ್ಟಿನೇಸ್ ಎಂಬ ಕಿಣ್ವ. ಆಲ್ಕೋಹಾಲ್ ಹೆಚ್ಚಿದಂತೆ ಅದರ ಕಸುವು ಕುಗ್ಗುವುದರಿಂದ ಯೀಸ್ಟ್‌ಗಿಂತ ಮೊದಲೇ ಹಾಕಿ ಕೆಲವು ಗಂಟೆ ಬಿಡಬೇಕು. ಬಿಸಿ ತಿರುಳಿಗಂತೂ ಹಾಕಲೇಬಾರದು, ಕಿಣ್ವ ಕೆಟ್ಟುಹೋಗುತ್ತದೆ. ಫ್ರಾನ್ಸಿನ ನಾರ್ಮಂಡಿಯ ಸೈಡರ್‌ನವರದು ಬೇರೆ ಜಾಣತನ: ಪೆಕ್ಟಿನನ್ನೇ ಕಂದು ಕೆನೆಯಾಗಿ ಮೇಲೆ ಕಟ್ಟಿಸಿ, ನಡುವಿನ ತಿಳಿ ರಸವನ್ನು ಎಳೆದುಕೊಳ್ಳುತ್ತಾರೆ. ಮಾವಿನ ತಿರುಳಿಗೆ ಆ ಉಪಾಯ ಒಗ್ಗದು.

ತಿಳಿ ಎಳೆಯುವುದು

ಪಾತ್ರೆ ಬಗ್ಗಿಸಿ ಬಸಿದರೆ ಗಸಿ ಕದಡುತ್ತದೆ. ಪಾತ್ರೆಯನ್ನು ಹಿಂದಿನ ದಿನವೇ ಮೇಜಿನ ಮೇಲಿಟ್ಟು ಅಲುಗಾಡದಂತೆ ಬಿಡಬೇಕು. ಬಿಸಿನೀರಲ್ಲಿ ತೊಳೆದ ಪೈಪಿನ ತುದಿಯನ್ನು ಗಸಿಯಿಂದ ಎರಡು ಬೆರಳು ಮೇಲಿಟ್ಟು, ಕೆಳಗಿನ ಪಾತ್ರೆಗೆ ತಿಳಿಯನ್ನು ಇಳಿಸಬೇಕು. ಪೈಪಿನ ಇನ್ನೊಂದು ತುದಿ ಆ ಪಾತ್ರೆಯ ತಳ ಮುಟ್ಟಿರಲಿ; ಎತ್ತರದಿಂದ ಸುರಿದರೆ ಗಾಳಿ ಬೆರೆತು ವೈನು ವಿನಿಗರ್ ಆಗುವ ದಾರಿ ಹಿಡಿಯುತ್ತದೆ. ಕೊನೆಯ ಲೋಟದ ಆಸೆ ಬಿಡುವುದು ಲೇಸು. ಮಾವಿನಲ್ಲಿ ಗಸಿಯೇ ಹೆಚ್ಚು, ನಷ್ಟವೂ ಸೇಬಿಗಿಂತ ಹೆಚ್ಚು.

ಮೊದಲ ಗಸಿಯ ಮೇಲೆ ಬಹಳ ದಿನ ಬಿಟ್ಟರೆ ಸತ್ತ ಯೀಸ್ಟ್ ಕೊಳೆತು ಕೊಳೆಮೊಟ್ಟೆಯ ವಾಸನೆ ಬರಬಹುದು. ಕೋಲಾರದ ಮೇ ಸೆಕೆಯಲ್ಲಿ ಈ ಅಪಾಯ ಬೇಗ. ಹೊಸ ಗಸಿ ಕೂತಂತೆಲ್ಲ ಮತ್ತೆ ತಿಳಿ ಎಳೆಯಬೇಕು. ಕೆಲವು ದಿನ ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ಬೇಗ ತಳ ಸೇರುತ್ತದೆ. ಪೆಕ್ಟಿನ್ ಮಬ್ಬಿಗೆ ಮಾತ್ರ ಚಳಿಯಿಂದ ಪ್ರಯೋಜನವಿಲ್ಲ.

ಮಬ್ಬಿನ ಪರೀಕ್ಷೆ

ಸ್ವಲ್ಪ ವೈನನ್ನು ಅದರ ಮೂರ್ನಾಲ್ಕು ಪಟ್ಟು ಸ್ಪಿರಿಟ್‌ಗೆ ಬೆರೆಸಿ ನೋಡಬಹುದು. ಎಳೆಎಳೆಯಾಗಿ, ಲೋಳೆಯಾಗಿ ಗಂಟುಕಟ್ಟಿದರೆ ಅದು ಪೆಕ್ಟಿನ್. ಪರೀಕ್ಷಿಸಿದ್ದನ್ನು ಚೆಲ್ಲಬೇಕು, ಕುಡಿಯಬಾರದು.

ಬಾಟಲಿ ತುಂಬುವಾಗ

ಬಾಟಲಿಯ ತಳದಲ್ಲಿ ತೆಳು ಗಸಿ ಕಂಡರೆ ದೋಷವಲ್ಲ. ಅಪಾಯವಿರುವುದು ಸಕ್ಕರೆ ಉಳಿದಿರುವಾಗಲೇ ಬಿರಡೆ ಬಿಗಿಯುವುದರಲ್ಲಿ. ಮೇಲೆ ತಿಳಿಯಾಗಿ ಕಂಡರೂ ಒಳಗೆ ಯೀಸ್ಟ್ ಜೀವಂತವಿರುತ್ತದೆ. ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನ ಅಂಕಿ ಹಲವು ದಿನ ಬದಲಾಗದೆ ನಿಂತ ಮೇಲೂ, ಸಿಹಿ ವೈನಾದರೆ ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಡಬೇಕು.