ನವಜಾತ ಶಿಶುಗಳ ರಕ್ತಪ್ರವಾಹ ಸೋಂಕು

ತೀವ್ರ ನಿಗಾ ಘಟಕದಲ್ಲಿರುವ, ವಿಶೇಷವಾಗಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರಕ್ತಕ್ಕೆ ಬ್ಯಾಕ್ಟೀರಿಯ ಅಥವಾ ಶಿಲೀಂಧ್ರ ಸೇರಿ ಉಂಟಾಗುವ ಮಾರಕ ಕಾಯಿಲೆ. ಹುಟ್ಟಿದ 72 ಗಂಟೆಯೊಳಗೆ ಕಾಣಿಸಿಕೊಂಡರೆ ಸಾಮಾನ್ಯವಾಗಿ ತಾಯಿಯಿಂದ ಬಂದದ್ದೆಂದೂ, ಆಮೇಲಿನದನ್ನು ಆಸ್ಪತ್ರೆಯದೆಂದೂ ವಿಂಗಡಿಸುವುದು ರೂಢಿ. ಭಾರತದಲ್ಲಿ ಈ ಗೆರೆ ಅಷ್ಟು ಸ್ಪಷ್ಟವಲ್ಲ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಿಗಾ ಘಟಕ ಸೇರಿದ 13,530 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನ ಸೋಂಕುಗಳು ಮೊದಲ ಮೂರು ದಿನಗಳಲ್ಲೇ ಕಂಡವು. ಆದರೆ ರೋಗಾಣುಗಳು ಆಸ್ಪತ್ರೆಯಲ್ಲಿ ಬೀಡುಬಿಡುವಂಥವೇ. ಅಸಿನಿಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲಿ ಮುಂಚೂಣಿಯಲ್ಲಿದ್ದವು. ಅಸಿನಿಟೊಬ್ಯಾಕ್ಟರ್ ಮಾದರಿಗಳಲ್ಲಿ ಶೇ. 80ಕ್ಕೂ ಹೆಚ್ಚು ಬಹುಔಷಧ ನಿರೋಧಕ. ಕಳವಳಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಲಕ್ಷಣಗಳು ಮೋಸಗೊಳಿಸುತ್ತವೆ. ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗಬಹುದು. ಮಗು ಹಾಲು ಬಿಡುತ್ತದೆ, ಮಂಕಾಗುತ್ತದೆ, ಉಸಿರು ಆಗಾಗ ನಿಲ್ಲುತ್ತದೆ. ಪಕ್ಕದಲ್ಲೇ ಇರುವ ನರ್ಸ್ ಅಥವಾ ತಾಯಿ ‘ಇವತ್ತು ಯಾಕೋ ಸರಿಯಿಲ್ಲ’ ಎಂದರೆ ವೈದ್ಯರು ಕಿವಿಗೊಡಬೇಕು. ಖಚಿತಪಡಿಸಲು ರಕ್ತ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಬೇಕು. ಕನಿಷ್ಠ 1 ಮಿ.ಲೀ. ರಕ್ತ ತೆಗೆಯಬೇಕೆನ್ನುತ್ತಾರೆ, ಆದರೆ ಒಂದು ಕಿಲೋ ತೂಕದ ಮಗುವಿನಲ್ಲಿ ಒಟ್ಟು ಇರುವುದೇ ಸುಮಾರು 90 ಮಿ.ಲೀ. ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಆರಂಭಿಸುತ್ತಾರೆ. ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗುವೂ ಚೇತರಿಸಿಕೊಂಡಿದ್ದರೆ ಅದನ್ನು ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ, ಹಲವೆಡೆ ಅದಕ್ಕೇ ಧೈರ್ಯ ಸಾಲದು.

ಹೊಕ್ಕುಳ ಅಥವಾ ತೋಳಿನ ರಕ್ತನಾಳಕ್ಕೆ ಹಾಕುವ ತೆಳು ಕೊಳವೆ, ಅಂದರೆ ಕ್ಯಾತಿಟರ್, ಸೋಂಕಿನ ಮುಖ್ಯ ದಾರಿ. ಪ್ರತಿ ಬಾರಿ ಔಷಧಿ ಕೊಡುವ ಮುನ್ನ ಅದರ ಬಾಯಿಯನ್ನು ಆಲ್ಕೋಹಾಲ್‌ನಿಂದ ಉಜ್ಜಿ ಒಣಗಲು ಬಿಡಬೇಕು. ಕೈತೊಳೆತ, ಎದೆಹಾಲು ಮತ್ತು ಮಗುವನ್ನು ಮೈಗೆ ಮೈ ತಾಗುವಂತೆ ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆ ಅಪಾಯ ತಗ್ಗಿಸುತ್ತವೆ. ಬೇಡವಾದ ಕ್ಯಾತಿಟರನ್ನು ಅಂದೇ ತೆಗೆಯಬೇಕು.