ಮೆಣಸಿನಕಾಯಿಯ ತವರು

ನಮ್ಮಜ್ಜಿ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಒಣಮೆಣಸಿನಕಾಯಿ ಮಾರುತ್ತಿದ್ದಳು. ಹೈಸ್ಕೂಲಿಗೆ ಹೋಗುವಾಗ ಗೆಳತಿಯರು ಜೊತೆಗಿದ್ದರೆ ನಾನು ಆ ದಾರಿ ಬಿಟ್ಟು ಸುತ್ತಿ ಬಳಸಿ ನಡೆಯುತ್ತಿದ್ದೆ. ಮುಂದೆ ನಾನು ಇತಿಹಾಸದ ಟೀಚರಾದೆ. ಮೆಣಸಿನಕಾಯಿ ಮೆಕ್ಸಿಕೋ ಕಡೆಯ ಬೆಳೆ, ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು ಎಂದು ವರ್ಷ ವರ್ಷವೂ ಪಾಠ ಹೇಳಿದೆ. ಆ ತವರಿನ ಸಂತೆ ಹೇಗಿತ್ತೆಂದು ಓದಿ ತಿಳಿದದ್ದು ಮಾತ್ರ ತೀರಾ ತಡವಾಗಿ.

ಆ ಸಂತೆಯ ಹೆಸರು ತ್ಲಾತೆಲೋಲ್ಕೊ. ಇಂದು ಅದು ಮೆಕ್ಸಿಕೋ ನಗರದ ಒಂದು ಭಾಗ. ಆಗ ಸರೋವರದ ನಡುವೆ, ಆಜ್ಟೆಕ್ ರಾಜಧಾನಿ ತೆನೋಚ್ತಿತ್ಲಾನ್‌ಗೆ ಅಂಟಿಕೊಂಡಿದ್ದ ಊರು. 1519ರಲ್ಲಿ ಅಲ್ಲಿಗೆ ಹೋದ ಸ್ಪೇನಿನ ಕೊರ್ಟೆಸ್, ದಿನವೂ 60,000ಕ್ಕೂ ಹೆಚ್ಚು ಜನ ಸೇರುತ್ತಾರೆಂದು ತನ್ನ ದೊರೆಗೆ ಬರೆದ. ಮೆಕ್ಕೆಜೋಳ, ಟೊಮೆಟೊ, ಮೆಣಸಿನಕಾಯಿ, ಹತ್ತಿಬಟ್ಟೆ, ಬಣ್ಣದ ಗರಿ, ಗಿಡಮೂಲಿಕೆ, ಮಡಕೆ ಎಲ್ಲಕ್ಕೂ ಬೇರೆ ಬೇರೆ ಸಾಲು. ಚಿಲ್ಲರೆ ವ್ಯಾಪಾರಕ್ಕೆ ಕೋಕೋ ಬೀಜವೇ ದುಡ್ಡು. ಬೀಜದ ಸಿಪ್ಪೆಯೊಳಗೆ ಬೇರೇನೋ ತುಂಬಿ ಮೋಸ ಮಾಡುವವರೂ ಇದ್ದರಂತೆ! ಜಗಳ ಬಂದರೆ ತೀರ್ಪು ಕೊಡಲು ಸಂತೆಯಲ್ಲೇ ನ್ಯಾಯಾಧೀಶರು ಕೂತಿರುತ್ತಿದ್ದರು. ಸುಳ್ಳು ಅಳತೆಯ ಪಾತ್ರೆ ಸಿಕ್ಕರೆ ಒಡೆದುಹಾಕುತ್ತಿದ್ದರು.

ದೂರದೇಶದ ವ್ಯಾಪಾರ ಮಾಡುವವರು ಪೋಚ್ತೆಕರು. ತಿಂಗಳುಗಟ್ಟಲೆ ಕಾಡುಮೇಡು ದಾಟಿ ಹೋಗುತ್ತಿದ್ದ ಇವರು, ಊರಿಗೆ ಮರಳುವಾಗ ರಾತ್ರಿಯ ಹೊತ್ತು ಸದ್ದಿಲ್ಲದೆ ದೋಣಿಯಲ್ಲಿ ಬಂದು ಸರಕನ್ನು ಬೇರೆಯವರ ಮನೆಯಲ್ಲಿ ಇಳಿಸುತ್ತಿದ್ದರು. ಸಿರಿತನ ಕಂಡವರ ಕಣ್ಣು ಕುಕ್ಕಬಾರದು. ಪಯಣ ಮುಗಿಯುವ ತನಕ ತಲೆಗೆ ನೀರು ಹಾಕಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಉಳಿದ ಹೆಂಡತಿ ಮಕ್ಕಳೂ ಎಂಬತ್ತು ದಿನಕ್ಕೊಮ್ಮೆ ಮಾತ್ರ ತಲೆಸ್ನಾನ ಮಾಡುತ್ತಿದ್ದರು. ಗಂಡನ ದಾರಿ ಕಾಯುವ ವ್ರತ ಎಲ್ಲಿಯಾದರೂ ಒಂದೇ ಎನಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಆ ಸಂತೆಯಲ್ಲಿ ಮಾರುವವರಲ್ಲಿ ಹೆಂಗಸರೇ ಬಹಳ. ಅಷ್ಟೇ ಅಲ್ಲ, ಸಂತೆಯ ಉಸ್ತುವಾರಿ ನೋಡುವ ಅಧಿಕಾರಿಗಳಲ್ಲೂ ಹೆಂಗಸರಿದ್ದರು! ಇದೆಲ್ಲ ನಮಗೆ ತಿಳಿದದ್ದು ಸಹಗುನ್ ಎಂಬ ಪಾದ್ರಿಯಿಂದ. ಆತ ಊರಿನ ಹಿರಿಯರನ್ನು ಕೇಳಿ, ಅವರ ನಾವಾತ್ಲ್ ನುಡಿಯಲ್ಲೇ ಎಲ್ಲವನ್ನೂ ಬರೆಸಿಟ್ಟ. ನಾನು ಓದಿದ, ಓದಿಸಿದ ಪಾಠದಲ್ಲಿ ಇವರ್ಯಾರೂ ಇರಲಿಲ್ಲ. ‘1521ರಲ್ಲಿ ಕೊರ್ಟೆಸ್ ಮೆಕ್ಸಿಕೋ ಗೆದ್ದ’ ಎಂಬ ಒಂದೇ ಸಾಲು. ಆ ವರ್ಷ ಕೊನೆಯ ಕಾದಾಟ ನಡೆದದ್ದು ಇದೇ ತ್ಲಾತೆಲೋಲ್ಕೊದಲ್ಲಿ. ಹಸಿವು, ಸಿಡುಬುಗಳಿಂದ ನಲುಗಿದ್ದ ಊರು ಆಗಸ್ಟ್ 13ರಂದು ಸೋತಿತು.

ಸಾಮ್ರಾಜ್ಯ ಹೋಯಿತು, ಸಂತೆ ಹೋಗಲಿಲ್ಲ. ನಾವಾತ್ಲ್ ಭಾಷೆಯಲ್ಲಿ ಸಂತೆಗೆ ‘ತಿಯಾಂಕಿಜ್ತ್ಲಿ’ ಎನ್ನುತ್ತಾರೆ. ಅದೇ ಸವೆದು ‘ತಿಯಾಂಗಿಸ್’ ಆಗಿ, ಇಂದಿಗೂ ಮೆಕ್ಸಿಕೋದ ವಾರದ ಸಂತೆಗೆ ಹೆಸರಾಗಿ ಉಳಿದಿದೆ. ಹೆಂಗಸರು ಇಂದಿಗೂ ಅಲ್ಲಿ ಮೆಣಸಿನಕಾಯಿ ಗುಡ್ಡೆ ಹಾಕಿ ಮಾರುತ್ತಾರೆ.

ಈ ವರ್ಷ ಅದೇ ಪಾಠ ಬಂದಾಗ ಕೊರ್ಟೆಸನನ್ನು ಬದಿಗಿಟ್ಟು ಮೊದಲು ಸಂತೆಯ ಕಥೆ ಹೇಳಿದೆ. ನಮ್ಮಜ್ಜಿಯೂ ಸಂತೆಯಲ್ಲಿ ಕೂರುತ್ತಿದ್ದಳು ಎಂದೆ. ಮೂವತ್ತು ವರ್ಷಗಳಲ್ಲಿ ಆ ಮಾತನ್ನು ತರಗತಿಯಲ್ಲಿ ಹೇಳಿದ್ದು ಅದೇ ಮೊದಲು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ನಿಂತು, ‘ನಮ್ಮಮ್ಮನೂ ಸೊಪ್ಪು ಮಾರ್ತಾರೆ ಮಿಸ್’ ಎಂದಳು. ಅದನ್ನು ಕೇಳಲು ನಮ್ಮಜ್ಜಿ ಇರಬೇಕಿತ್ತು.