ಪ್ರವಾಸಿ ಮಾರ್ಗದರ್ಶಿ ಸಂಘಗಳ ವಿಶ್ವ ಒಕ್ಕೂಟ

ಊರು, ಸ್ಮಾರಕ, ವಸ್ತುಸಂಗ್ರಹಾಲಯಗಳನ್ನು ಪ್ರವಾಸಿಗರಿಗೆ ತೋರಿಸಿ ವಿವರಿಸುವ ವೃತ್ತಿಪರ ಗೈಡ್‌ಗಳ ಸಂಘಗಳನ್ನು ಒಂದೆಡೆ ತಂದಿರುವ ಅಂತಾರಾಷ್ಟ್ರೀಯ ಸಂಸ್ಥೆ. 1985ರಲ್ಲಿ ಇಸ್ರೇಲ್‌ನಲ್ಲಿ ಸೇರಿದ ಗೈಡ್‌ಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಇದಕ್ಕೆ ಅಡಿಪಾಯ ಬಿತ್ತು. 1987ರಲ್ಲಿ ವಿಯೆನ್ನಾದಲ್ಲಿ ಎರಡನೆಯ ಸಮ್ಮೇಳನ ನಡೆದಾಗ ಆಸ್ಟ್ರಿಯಾದ ಕಾನೂನಿನ ಪ್ರಕಾರ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಇದನ್ನು ಕಟ್ಟಿದ್ದು ಸರ್ಕಾರಗಳೂ ಅಲ್ಲ, ಪ್ರಯಾಣ ಕಂಪನಿಗಳೂ ಅಲ್ಲ, ಗೈಡ್‌ಗಳೇ. ಲೈಸೆನ್ಸ್ ಕೊಡುವ ಅಥವಾ ಕಸಿದುಕೊಳ್ಳುವ ಅಧಿಕಾರ ಇದಕ್ಕೆ ಯಾವ ದೇಶದಲ್ಲಿಯೂ ಇಲ್ಲ. ಒಕ್ಕೂಟದ ಬೆಳವಣಿಗೆಯನ್ನು ಅರಿಯಲು ಈ ಮಿತಿಯನ್ನು ಮೊದಲೇ ಗಮನಿಸುವುದು ಒಳ್ಳೆಯದು.

ದೇಶಗಳ ಮಟ್ಟದಲ್ಲಿ ಗೈಡ್‌ಗಳ ಸಂಘಟನೆ ಇದಕ್ಕಿಂತ ಹಳೆಯದು. 1951ರಲ್ಲಿ ಬ್ರಿಟನ್ ಉತ್ಸವ ನಡೆಯಿತು. ಅದರ ಸಿದ್ಧತೆಗಾಗಿ ಹಿಂದಿನ ವರ್ಷವೇ ಲಂಡನ್‌ನಲ್ಲಿ ಗೈಡ್‌ಗಳ ಗಿಲ್ಡ್ ಹುಟ್ಟಿತ್ತು. ಬ್ರಿಟನ್ನಿನಲ್ಲಿ ಗೈಡ್ ಆಗಲು ಕಾನೂನಿನ ಅಪ್ಪಣೆ ಬೇಕಿಲ್ಲ, ಯಾರು ಬೇಕಾದರೂ ಬೀದಿಯಲ್ಲಿ ನಿಂತು ಊರಿನ ಕಥೆ ಹೇಳಬಹುದು. ಆದರೂ ಅಲ್ಲಿ 'ಬ್ಲೂ ಬ್ಯಾಡ್ಜ್' ಎಂಬ ನೀಲಿ ಬಿಲ್ಲೆಗೆ ದೊಡ್ಡ ಮರ್ಯಾದೆಯಿದೆ. ಲಂಡನ್ನಿನ ಬ್ಯಾಡ್ಜ್ ಬೇಕಾದವರು ಸುಮಾರು ಎರಡು ವರ್ಷ ಓದಬೇಕು. ಬರಹದ ಪರೀಕ್ಷೆಯ ಜೊತೆಗೆ ವಸ್ತುಸಂಗ್ರಹಾಲಯದಲ್ಲಿ, ಚರ್ಚಿನಲ್ಲಿ, ಓಡುವ ಬಸ್ಸಿನಲ್ಲಿ ಪರೀಕ್ಷಕರ ಎದುರು ಮಾತಾಡಿ ತೋರಿಸಬೇಕು. ಈ ಅರ್ಹತೆಯ ಮೇಲ್ವಿಚಾರಣೆಗೆಂದು 2002ರಲ್ಲಿ ಪ್ರತ್ಯೇಕ ಸಂಸ್ಥೆಯೊಂದು ರೂಪುಗೊಂಡಿತು. ಇಟಲಿ, ಗ್ರೀಸ್, ಫ್ರಾನ್ಸ್‌ಗಳದು ಬೇರೆ ದಾರಿ. ಅಲ್ಲಿ ಲೈಸೆನ್ಸ್ ಕಡ್ಡಾಯವಾಗಿತ್ತು. ಇಟಲಿಯಲ್ಲಂತೂ ಒಂದು ಪ್ರದೇಶದ ಲೈಸೆನ್ಸ್ ಪಕ್ಕದ ಪ್ರದೇಶದಲ್ಲಿ ನಡೆಯುತ್ತಿರಲಿಲ್ಲ.

ಹೀಗೆ ರೀತಿನೀತಿ ಬೇರೆಬೇರೆಯಾಗಿದ್ದ ಗೈಡ್‌ಗಳನ್ನು ಒಂದು ಮಾಡಿದ್ದು ಅವರೆಲ್ಲರ ಹೊಟ್ಟೆಪಾಡಿಗೆ ಬಂದ ಒಂದೇ ಕುತ್ತು. ಕೋಚ್ ಬಸ್ಸುಗಳಲ್ಲಿ ಗುಂಪಾಗಿ ದೇಶ ಸುತ್ತುವ ಪ್ರವಾಸ ಬೆಳೆದಂತೆ ಗುಂಪಿನ ಜೊತೆಗೇ ಬರುವ ಟೂರ್ ಮ್ಯಾನೇಜರ್ ಮೈಕು ಹಿಡಿದು ರೋಮ್, ಅಥೆನ್ಸ್‌ಗಳ ಚರಿತ್ರೆಯನ್ನೂ ತಾನೇ ಹೇಳತೊಡಗಿದ. ಕಂಪನಿಗೆ ಒಬ್ಬರ ಸಂಬಳ ಉಳಿಯಿತು, ಸ್ಥಳೀಯ ಗೈಡ್‌ಗೆ ಕೆಲಸ ತಪ್ಪಿತು. ಟೂರ್ ಮ್ಯಾನೇಜರ್ ಗುಂಪಿಗೆ ಸೇರಿದವನು, ಅದರ ಊಟ, ಹೋಟೆಲು, ಲಗೇಜು, ವೇಳೆ ಅವನ ಹೊಣೆ. ಗೈಡ್ ಸ್ಥಳಕ್ಕೆ ಸೇರಿದವನು. ವಿಶ್ವ ಒಕ್ಕೂಟವೂ 1986ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಯುರೋಪಿನ ಗೈಡ್ ಸಂಘಗಳ ಒಕ್ಕೂಟವೂ ಪಟ್ಟು ಹಿಡಿದು ಹೇಳುತ್ತ ಬಂದಿರುವುದು ಈ ವ್ಯತ್ಯಾಸವನ್ನೇ.

ನ್ಯಾಯಾಲಯ ಮಾತ್ರ ಅವರ ಪರವಾಗಿ ಪೂರ್ತಿ ನಿಲ್ಲಲಿಲ್ಲ. ಫ್ರಾನ್ಸ್, ಇಟಲಿ, ಗ್ರೀಸ್‌ಗಳ ವಿರುದ್ಧ ಯುರೋಪಿಯನ್ ಆಯೋಗ ಹೂಡಿದ್ದ ಮೂರು ಮೊಕದ್ದಮೆಗಳಲ್ಲಿ ಯುರೋಪಿಯನ್ ನ್ಯಾಯಾಲಯ 1991ರ ಫೆಬ್ರವರಿ 26ರಂದು ತೀರ್ಪಿತ್ತಿತು. ಯುರೋಪಿಯನ್ ಸಮುದಾಯದ ಬೇರೊಂದು ಸದಸ್ಯ ದೇಶದಿಂದ ಗುಂಪಿನೊಡನೆ ಬರುವ ಗೈಡ್‌ಗೆ ಸ್ಥಳೀಯ ಲೈಸೆನ್ಸ್ ಬೇಕೇಬೇಕೆಂದು ಪಟ್ಟು ಹಿಡಿಯುವುದು ಸೇವಾ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದಿತು. ಆದರೆ ವಿಶೇಷ ಗೈಡ್ ಇಲ್ಲದೆ ನೋಡುವಂತಿಲ್ಲದ ವಸ್ತುಸಂಗ್ರಹಾಲಯ ಮತ್ತು ಐತಿಹಾಸಿಕ ಸ್ಮಾರಕಗಳನ್ನು ಈ ಮಾತಿನಿಂದ ಹೊರಗಿಟ್ಟಿತು. ಹೊಸ್ತಿಲ ಹೊರಗಿನ ಬೀದಿ ಯಾರದಾದರೂ ಸರಿ, ಒಳಗಿನ ಅಂಗಳ ಸ್ಥಳೀಯ ಗೈಡ್‌ಗೆ ಉಳಿಯಬಹುದು ಎಂಬಂಥ ಹಂಚಿಕೆ ಅದು.

ಕಾನೂನು ಅಷ್ಟಕ್ಕೇ ನಿಂತ ಮೇಲೆ ಗೈಡ್‌ಗಳ ಸಂಘಟನೆಗಳು ವ್ಯಾಖ್ಯೆ ಮತ್ತು ತರಬೇತಿಯ ಕಡೆ ತಿರುಗಿದವು. 2003ರ ಯುರೋಪಿಯನ್ ಮಾನಕ ಗೈಡ್ ಎಂದರೆ ಯಾರು ಎಂಬುದನ್ನು ಬರೆದಿಟ್ಟಿತು: ಪ್ರವಾಸಿಗರು ಆರಿಸಿಕೊಂಡ ಭಾಷೆಯಲ್ಲಿ ಒಂದು ಪ್ರದೇಶದ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯನ್ನು ಬಿಡಿಸಿ ಹೇಳುವವರು, ಸಾಮಾನ್ಯವಾಗಿ ಆ ಪ್ರದೇಶಕ್ಕೇ ಸಂಬಂಧಿಸಿದ ಅರ್ಹತೆ ಪಡೆದವರು. ವಿಶ್ವ ಒಕ್ಕೂಟವೂ ಇದನ್ನೇ ತನ್ನದಾಗಿಸಿಕೊಂಡಿದೆ. 2008ರ ಇನ್ನೊಂದು ಮಾನಕ ಗೈಡ್ ತರಬೇತಿಗೆ ಕನಿಷ್ಠ 600 ಪಾಠಗಂಟೆಗಳನ್ನು ಗೊತ್ತುಮಾಡಿತು. ಸೈಪ್ರಸ್ಸಿನ ನಿಕೋಸಿಯಾದಲ್ಲಿ ಒಕ್ಕೂಟದ ಅಂತಾರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಪುಸ್ತಕದ ಪಾಠಕ್ಕಿಂತ ಸ್ಥಳದಲ್ಲೇ ನಿಂತು ಕಲಿಸುವ ಪದ್ಧತಿಗೆ ಅದರ ತರಬೇತಿಗಳು ಒತ್ತು ಕೊಡುತ್ತವೆ.

ಒಕ್ಕೂಟದ ನೀತಿಸಂಹಿತೆ ಚಿಕ್ಕದು. ಅತಿಥಿಗಳು ಪರಿಸರ, ಸ್ಮಾರಕ, ಸ್ಥಳೀಯ ಆಚಾರಗಳನ್ನು ಗೌರವಿಸುವಂತೆ ನೋಡಿಕೊಳ್ಳಬೇಕು, ಕೆಲಸ ಕೊಟ್ಟವರೊಡನೆ ನ್ಯಾಯವಾಗಿ ನಡೆದುಕೊಳ್ಳಬೇಕು ಎಂಬ ಮಾತುಗಳು ಅದರಲ್ಲಿವೆ. ಅದರಲ್ಲಿ ಅತ್ಯಂತ ಕಷ್ಟದ್ದು ಸತ್ಯಾಂಶ ಬೇರೆ, ಐತಿಹ್ಯ ಮತ್ತು ಸ್ವಂತ ಅಭಿಪ್ರಾಯ ಬೇರೆ ಎಂದು ಕೇಳುವವರಿಗೆ ತಿಳಿಯುವಂತೆ ಹೇಳಬೇಕೆಂಬ ನಿಯಮ. ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳ ಒಳಗೆ ಏನಿದೆಯೆಂದು ನೋಡಲು ಬ್ರಿಟಿಷರು ಎರಡು ಕಂಬಗಳನ್ನು ಕೊಯ್ದರು ಎಂಬ ಕಥೆ ಕೇಳದೆ ಅಲ್ಲಿಂದ ಮರಳಿದವರು ಕಡಿಮೆ. ಪ್ರವಾಸಿಗರು ನೆನಪಿಟ್ಟುಕೊಳ್ಳುವುದೂ ಅದನ್ನೇ. ಕಥೆ ಹೇಳಬೇಡಿ ಎಂದು ಸಂಹಿತೆ ಹೇಳುವುದಿಲ್ಲ. ಕಥೆಯನ್ನು ಕಥೆಯೆಂದು ಹೇಳಿ ಎನ್ನುತ್ತದೆ. ರಸಭಂಗವಾಗದಂತೆ ಅದನ್ನು ಮಾಡುವುದರಲ್ಲಿ ಒಳ್ಳೆಯ ಗೈಡ್‌ನ ಕಸುಬುಗಾರಿಕೆ ಗೊತ್ತಾಗುತ್ತದೆ.

ಸಮ್ಮೇಳನಗಳು ಬಹುಮಟ್ಟಿಗೆ ಎರಡು ವರ್ಷಕ್ಕೊಮ್ಮೆ ನಡೆದುಬಂದಿವೆ: 2011ರಲ್ಲಿ ಟ್ಯಾಲಿನ್, 2013ರಲ್ಲಿ ಮಕಾವ್, 2017ರಲ್ಲಿ ಟೆಹರಾನ್, 2019ರಲ್ಲಿ ತಿಬಿಲಿಸಿ. ಜನಸಾಮಾನ್ಯರಿಗೆ ಒಕ್ಕೂಟದ ಹೆಸರು ತಲುಪಿದ್ದು ಸಮ್ಮೇಳನಗಳಿಂದಲ್ಲ, 1990ರಿಂದ ಫೆಬ್ರವರಿ 21ರಂದು ಆಚರಿಸುವ ಅಂತಾರಾಷ್ಟ್ರೀಯ ಪ್ರವಾಸಿ ಗೈಡ್ ದಿನದಿಂದ. ಅಂದು, ಇಲ್ಲವೇ ಅದರ ಆಸುಪಾಸಿನಲ್ಲಿ, ಗೈಡ್‌ಗಳು ತಮ್ಮ ಊರಿನವರಿಗೇ ಉಚಿತವಾಗಿ ಊರು ತೋರಿಸುತ್ತಾರೆ. ಯುನೆಸ್ಕೊದ ಮಾತೃಭಾಷಾ ದಿನವೂ ಅದೇ ತಾರೀಖಿಗೆ ಬರುವುದು ಕಾಕತಾಳೀಯ. ಗೈಡ್ ದಿನವೇ ಅದಕ್ಕಿಂತ ಹಿರಿಯದು.

ಇಷ್ಟಾದರೂ ನಿಯಮಗಳು ಎಲ್ಲೆಡೆ ಒಂದೇ ದಿಕ್ಕಿಗೆ ಹೋಗಿಲ್ಲ. ವಿದೇಶಿ ಭಾಷೆಯಲ್ಲಿ ಸಂಬಳಕ್ಕೆ ಗೈಡ್ ಕೆಲಸ ಮಾಡಲು 1949ರ ಕಾನೂನಿನಂತೆ ಲೈಸೆನ್ಸ್ ಕೇಳುತ್ತಿದ್ದ ಜಪಾನ್, ಪ್ರವಾಸಿಗರ ಸಂಖ್ಯೆ ಏರಿದಾಗ 2018ರಲ್ಲಿ ಆ ಬಾಗಿಲು ಎಲ್ಲರಿಗೂ ತೆರೆಯಿತು. ಇಟಲಿ 2023ರ ಕಾನೂನಿನಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಮತ್ತು ಪಟ್ಟಿಯನ್ನು ತಂದಿತು. ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಲೈಸೆನ್ಸ್ ಪಡೆದ ಪ್ರಾದೇಶಿಕ ಮಟ್ಟದ ಗೈಡ್‌ಗಳು ಬಹುಕಾಲದಿಂದ ಇದ್ದಾರೆ. ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳು ಗುರುತಿಸಿದ ಗೈಡ್‌ಗಳು ಬೇರೆ. ಹಂಪಿ, ಬೇಲೂರುಗಳಲ್ಲಿ ಕಾಣುವವರು ಹೆಚ್ಚಾಗಿ ಈ ಎರಡನೆಯ ಬಗೆಯವರು, ಅದೇ ಸೀಮೆಯವರು. ಇವಲ್ಲದೆ ಸಚಿವಾಲಯ ಆನ್‌ಲೈನ್‌ನಲ್ಲಿ ಓದಿ ಪ್ರಮಾಣಪತ್ರ ಪಡೆಯುವ 'ಪ್ರವಾಸಿ ಫೆಸಿಲಿಟೇಟರ್' ಕೋರ್ಸನ್ನು ಆರಂಭಿಸಿದೆ. ನಿಯಮ ಯಾವುದೇ ಇರಲಿ, ಗೈಡ್‌ಗಳಲ್ಲಿ ಬಹುಪಾಲು ಜನ ದಿನಗೂಲಿಯ ಲೆಕ್ಕದಲ್ಲಿ ಸ್ವತಂತ್ರವಾಗಿ ದುಡಿಯುವವರು. 2020ರಲ್ಲಿ ಕೊರೊನಾದಿಂದ ಸ್ಮಾರಕಗಳಿಗೆ ಬೀಗ ಬಿದ್ದಾಗ ಅವರ ಆದಾಯ ಒಮ್ಮೆಲೇ ನಿಂತಿತು. ಅಲ್ಲಿಯವರೆಗೆ ತರಬೇತಿ ಮತ್ತು ಮಾನ್ಯತೆಯನ್ನೇ ಹೆಚ್ಚಾಗಿ ಕೇಳುತ್ತಿದ್ದ ಸಂಘಗಳು ಹಲವು ದೇಶಗಳಲ್ಲಿ ಸರ್ಕಾರದ ಬಳಿ ಪರಿಹಾರಧನಕ್ಕಾಗಿ ಮೊರೆಯಿಡಬೇಕಾಯಿತು.